ಟಿಕೆಟ್ ದರ, ಪೈಲಟ್ ಸಂಬಳ ಮತ್ತು ಗಂಟೆಗಳ ಜಗಳ

ಸಾದಹಳ್ಳಿ ಗೇಟ್ ಬರೆದರು:

ನಿನ್ನೆ ಸಂಜೆ ನಮ್ಮ ಟೀ ಅಂಗಡಿಯಲ್ಲಿ ಜೋರು ವಾದ ನಡೆಯಿತು. ನಮ್ಮದು ಏರ್‌ಪೋರ್ಟ್ ರಸ್ತೆ. ಅಲ್ಲಿ ನಿಲ್ಲುವವರೆಲ್ಲ ಕ್ಯಾಬ್ ಡ್ರೈವರ್‌ಗಳು, ಲೋಡಿಂಗ್ ಹುಡುಗರು, ಶಿಫ್ಟ್ ಮುಗಿಸಿ ಬಸ್ಸಿಗೆ ಕಾಯುವವರು. 2025ರ ಡಿಸೆಂಬರ್‌ನಲ್ಲಿ ಇಂಡಿಗೋ ವಿಮಾನಗಳು ಸಾವಿರಗಟ್ಟಲೆ ರದ್ದಾದವಲ್ಲ, ಆ ಮಾತು ಹೇಗೋ ಎದ್ದಿತು. ಡ್ರೈವರಣ್ಣ ಒಬ್ಬರು ಹೇಳಿದರು: "ತಿಂಗಳಿಗೆ ಲಕ್ಷಗಟ್ಟಲೆ ಎಣಿಸ್ತಾರೆ, ಆದ್ರೂ ನಿದ್ದೆ ಸಾಲಲ್ಲ ಅಂತಾರೆ. ಟಿಕೆಟ್ ದುಬಾರಿ ಆಗೋದೇ ಇವರಿಂದ." ಲೋಡಿಂಗ್ ಹುಡುಗನೊಬ್ಬ ನಕ್ಕು, "ಅವರ ಸಂಬಳ ಏರಿದ್ರೆ ನಂದು ಏರಲ್ಲ, ಇಳಿಸೋ ದಿನ ಬಂದ್ರೆ ಮಾತ್ರ ಮೊದಲು ನಂದೇ" ಅಂದ.

ನನಗೆ ಇಬ್ಬರಿಗೂ ಹೇಳಲು ಉತ್ತರ ಇರಲಿಲ್ಲ. ಗೊತ್ತಿರುವವರು ಹೇಳಿ. ವಿಮಾನ ಕಂಪನಿಗೆ ಸಂಬಳ ನಿಜವಾಗಿಯೂ ಅಷ್ಟು ದೊಡ್ಡ ಹೊರೆಯಾ? ಇನ್ನೊಂದು, ಎರಡು ವರ್ಷಕ್ಕೊಮ್ಮೆ ಯಾವುದಾದರೂ ಕಂಪನಿಯಲ್ಲಿ ಎಲ್ಲರಿಗೂ ಒಂದೇ ದಿನ ಜ್ವರ ಬರುತ್ತದಲ್ಲ, ಅದು ಯಾಕೆ?

ಲೆಕ್ಕದ ಪುಸ್ತಕ ಬರೆದರು:

ಮೊದಲನೆಯದಕ್ಕೆ ನಾನು ಕೈ ಹಾಕುತ್ತೇನೆ. ಇಂಡಿಗೋವನ್ನೇ ತೆಗೆದುಕೊಳ್ಳಿ, ದೇಶದೊಳಗೆ ಹಾರುವ ನೂರು ಜನರಲ್ಲಿ ಅರವತ್ತಕ್ಕಿಂತ ಹೆಚ್ಚು ಜನ ಅದರಲ್ಲೇ ಹೋಗುತ್ತಾರೆ. 2024-25ರಲ್ಲಿ ಅದರ ವಹಿವಾಟು 80 ಸಾವಿರ ಕೋಟಿ ರೂಪಾಯಿ ದಾಟಿತ್ತು. ಲಾಭ 7,258 ಕೋಟಿ. ಇಂಧನಕ್ಕೆ ಹೋದದ್ದು ವಹಿವಾಟಿನ ಮೂರನೇ ಒಂದು ಭಾಗದ ಹತ್ತಿರ. ಸಂಬಳಕ್ಕೆ ಹೋದದ್ದು ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಅದರಲ್ಲಿ ಸಿಇಒ, ಪೈಲಟ್, ಗಗನಸಖಿ, ಕೌಂಟರ್‌ನಲ್ಲಿ ಕೂರುವ ಹುಡುಗಿ ಎಲ್ಲರೂ ಬಂದರು.

ಅಮೆರಿಕದಲ್ಲಿ ಕಥೆ ಬೇರೆ. ಅಲ್ಲಿನ ದೊಡ್ಡ ಕಂಪನಿಗಳಲ್ಲಿ ಸಂಬಳವೇ ಮೊದಲ ಖರ್ಚು, ಇಂಧನ ಅದರ ಹಿಂದೆ. ನಮ್ಮ ಟಿವಿ ಚರ್ಚೆಗಳಲ್ಲಿ "ಲೇಬರ್ ಕಾಸ್ಟ್" ಅಂತ ಕೂಗುವವರು ಅರ್ಧ ಅಲ್ಲಿನ ಪಾಠವನ್ನೇ ಇಲ್ಲಿ ಒಪ್ಪಿಸುತ್ತಾರೆ ಅಂತ ನನ್ನ ಅನುಮಾನ.

ಹಾಗಾದರೆ ಕತ್ತರಿ ಯಾಕೆ ಸಂಬಳಕ್ಕೇ ಬೀಳುತ್ತದೆ? ವಿಮಾನದ ಇಂಧನದ ದರ ತಿಂಗಳ ಒಂದನೇ ತಾರೀಕು ತೈಲ ಕಂಪನಿ ಹೇಳಿದ್ದು. ಅದು ಜಿಎಸ್‌ಟಿಯೊಳಗೆ ಇಲ್ಲ, ಹಾಗಾಗಿ ಮೇಲೆ ಆಯಾ ರಾಜ್ಯದ ವ್ಯಾಟ್. ವಿಮಾನಗಳಲ್ಲಿ ಬಹುಪಾಲು ಬಾಡಿಗೆಯವು, ಬಾಡಿಗೆ ಡಾಲರ್‌ನಲ್ಲಿ. ಬಿಡಿಭಾಗ ಡಾಲರ್‌ನಲ್ಲಿ. ಏರ್‌ಪೋರ್ಟ್ ಶುಲ್ಕವನ್ನು ಬೇರೆ ಯಾರೋ ನಿಗದಿ ಮಾಡುತ್ತಾರೆ. ಇವರ ಜೊತೆ ಚೌಕಾಸಿ ನಡೆಯುವುದಿಲ್ಲ. ರೂಪಾಯಿಯಲ್ಲಿ ಕೊಡುವ, ಎದುರಿಗೆ ಕೂರಿಸಿ "ಈ ಸಲ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನಬಹುದಾದ ದೊಡ್ಡ ಖರ್ಚು ಅಂದರೆ ಸಂಬಳ ಒಂದೇ. ಮನೆ ಖರ್ಚು ಜಾಸ್ತಿ ಆದಾಗ ಕರೆಂಟ್ ಬಿಲ್ಲಿನವನನ್ನು ಬಿಟ್ಟು ಕೆಲಸದವಳ ಹತ್ತಿರ ಚೌಕಾಸಿ ಮಾಡುತ್ತೇವಲ್ಲ, ಹಾಗೆ.

ಮಾರ್ಕೆಟ್ ಮಂಜ ಬರೆದರು:

ಲೆಕ್ಕದವರೇ, ಅರ್ಧ ಲೆಕ್ಕ ಹೇಳಿ ಬಿಟ್ಟಿರಿ. ಸಂಬಳ ಹತ್ತನೇ ಒಂದು ಭಾಗ, ಸರಿ. ಲಾಭ ಎಷ್ಟು? ಅದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಸಂಬಳ ದುಪ್ಪಟ್ಟಾದರೆ ಲಾಭ ಸೊನ್ನೆ. ಅದೂ ದೇಶದಲ್ಲಿ ಎಲ್ಲರಿಗಿಂತ ಚೆನ್ನಾಗಿ ನಡೆಯುವ ಕಂಪನಿಯಲ್ಲಿ! ಬೇರೆಯವರ ಗತಿ ನೋಡಿ. ಕಿಂಗ್‌ಫಿಶರ್ ಒಂದು ವರ್ಷವೂ ಲಾಭ ಕಾಣದೆ 2012ರಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ಕ್ಕೆ ನಿಂತಿತು. ಎರಡೂ ಕಡೆ ಕೆಲಸದವರು ಸಂಬಳ ಜಾಸ್ತಿ ಪಡೆದು ಏನು ಉಳಿಸಿಕೊಂಡರು? ಕೈಯಲ್ಲಿ ಹೆಚ್ಚುವರಿ ಪೈಲಟ್‌ಗಳನ್ನು ಇಟ್ಟುಕೊಂಡು ಮನೆಯಲ್ಲಿ ಕೂರಿಸಿ ಸಂಬಳ ಕೊಡಿ ಅಂತ ಹೇಳುವುದು ಸುಲಭ. ಷೇರು ತೆಗೆದುಕೊಂಡು ನೋಡಿ, ಆಮೇಲೆ ಮಾತಾಡಿ.

ಹಳೇ ಗಗನಸಖಿ ಬರೆದರು:

ಮಂಜ ಅವರೇ, ಮನೆಯಲ್ಲಿ ಕೂರಿಸಿ ಸಂಬಳ ಅಂದಿರಲ್ಲ, ಅದೊಂದು ಮಾತಿಗೆ ಉತ್ತರ ಕೊಡುತ್ತೇನೆ. ಹನ್ನೊಂದು ವರ್ಷ ಹಾರಿದವಳು ನಾನು. ಕಂಪನಿಯ ಹೆಸರು ಬೇಡ.

ನಮ್ಮ ಸಂಬಳ ಎರಡು ತುಂಡು. ಒಂದು ತಿಂಗಳ ಖಾಯಂ ಮೊತ್ತ, ಅದು ಸಣ್ಣದು. ಇನ್ನೊಂದು ಹಾರಿದ ಗಂಟೆಗೆ ಇಷ್ಟು ಅಂತ. ಹಾರಿದ ಗಂಟೆ ಅಂದರೆ ಯಾವುದು ಗೊತ್ತಾ? ಚಕ್ರಕ್ಕೆ ಕೊಟ್ಟ ಅಡ್ಡಕಟ್ಟೆ ತೆಗೆದ ಕ್ಷಣದಿಂದ ಮತ್ತೆ ಇಟ್ಟ ಕ್ಷಣದವರೆಗೆ. ಬ್ಲಾಕ್ ಟೈಮ್ ಅನ್ನುತ್ತಾರೆ. ಬೆಂಗಳೂರು-ಹೈದರಾಬಾದ್ ಅಂದರೆ ಗಂಟೆ ಚಿಲ್ಲರೆ. ಆ ಗಂಟೆ ಚಿಲ್ಲರೆಗಾಗಿ ನಾನು ಎರಡೂವರೆಗೆ ಎದ್ದು, ತಲೆ ಬಾಚಿ ಜುಟ್ಟು ಕಟ್ಟಿ, ಮೂರೂವರೆಗೆ ಪಿಕಪ್ ಕ್ಯಾಬ್ ಹತ್ತಿ, ನಾಲ್ಕೂವರೆಗೆ ಬ್ರೀಫಿಂಗ್‌ಗೆ ಕೂತಿರುತ್ತಿದ್ದೆ. ಪ್ರಯಾಣಿಕರನ್ನು ಹತ್ತಿಸುವುದು, ಮೇಲಿನ ಡಬ್ಬಿಯಲ್ಲಿ ಬ್ಯಾಗ್ ಹಿಡಿಸುವುದು, ವೀಲ್‌ಚೇರ್‌ನಲ್ಲಿ ಬಂದ ಅಜ್ಜಿಯನ್ನು ಕೂರಿಸುವುದು, ಬಾಗಿಲು ಮುಚ್ಚುವ ಮೊದಲಿನ ಈ ಗಲಾಟೆಯೇ ದಿನದ ಅತಿ ಕಷ್ಟದ ಹೊತ್ತು. ಅದಕ್ಕೆ ಗಂಟೆಯ ದುಡ್ಡು ಇಲ್ಲ. ಮಂಜು ಮುಸುಕಿ ಎರಡು ತಾಸು ನೆಲದಲ್ಲೇ ನಿಂತೆವು ಅನ್ನಿ, ಅಡ್ಡಕಟ್ಟೆ ತೆಗೆಯುವ ತನಕ ಆ ಎರಡು ತಾಸೂ ಲೆಕ್ಕಕ್ಕಿಲ್ಲ.

ಇನ್ನು ಸ್ಟ್ಯಾಂಡ್‌ಬೈ. ಮನೆಯಲ್ಲಿ ಕೂತ ದಿನ ಅಂತ ನೀವು ಹೇಳುವುದು ಇದನ್ನೇ. ಫೋನ್ ಪಕ್ಕದಲ್ಲಿ ಇಟ್ಟುಕೊಂಡು, ಯೂನಿಫಾರ್ಮ್ ಇಸ್ತ್ರಿ ಮಾಡಿಟ್ಟು, ಕರೆದ ಕೂಡಲೇ ಹೊರಡಲು ತಯಾರಾಗಿ ಕೂರುವುದು. ಮಗಳ ಸ್ಕೂಲ್ ಡೇಗೆ ಹೋಗುವ ಹಾಗಿಲ್ಲ, ತರಕಾರಿಗೂ ಹೋಗುವ ಹಾಗಿಲ್ಲ. ಕರೆಯದಿದ್ದರೆ ಆ ದಿನದ ಹಾರಾಟದ ದುಡ್ಡೂ ಇಲ್ಲ. ನನ್ನ ಕಡೆಯ ವರ್ಷದಲ್ಲಿ ಒಂದು ತಿಂಗಳು ಹನ್ನೆರಡು ದಿನ ಹೀಗೇ ಕೂತಿದ್ದೆ. ಆ ತಿಂಗಳ ಸಂಬಳದ ಚೀಟಿ ನೋಡಿ ನಮ್ಮ ಯಜಮಾನರು "ಇದು ನಿಂದಾ, ಟ್ರೇನಿಯದ್ದಾ" ಅಂತ ಕೇಳಿದರು.

ಟೊರೊಂಟೊ ಟಪಾಲು ಬರೆದರು:

ಅಕ್ಕ ಹೇಳಿದ ಈ ನೆಲದ ಮೇಲಿನ ಗಂಟೆಗಾಗಿಯೇ ನಮ್ಮಲ್ಲಿ 2025ರ ಆಗಸ್ಟ್ 16ಕ್ಕೆ ಏರ್ ಕೆನಡಾದ ಹತ್ತು ಸಾವಿರ ಕ್ಯಾಬಿನ್ ಸಿಬ್ಬಂದಿ ಕೆಲಸ ನಿಲ್ಲಿಸಿದರು. ಏರ್‌ಪೋರ್ಟ್ ಹೊರಗೆ ಅವರು ಹಿಡಿದಿದ್ದ ಫಲಕಗಳಲ್ಲಿ ಮುಖ್ಯ ಮಾತೇ ಬಿಟ್ಟಿ ಕೆಲಸದ್ದು. ಸರ್ಕಾರ ಒಂದೇ ದಿನದೊಳಗೆ ಕಾರ್ಮಿಕ ಕಾನೂನಿನ 107ನೇ ಸೆಕ್ಷನ್ ಎತ್ತಿಕೊಂಡು ಕೆಲಸಕ್ಕೆ ಮರಳಿ ಅಂತ ಆದೇಶ ಹೊರಡಿಸಿತು. ಯೂನಿಯನ್ "ಆಗಲ್ಲ" ಅಂದಿತು. ಸರ್ಕಾರದ ಆದೇಶಕ್ಕೆ ನೇರವಾಗಿ ಆಗಲ್ಲ ಅಂದದ್ದು ಇಲ್ಲಿ ದೊಡ್ಡ ಸುದ್ದಿ. 19ಕ್ಕೆ ರಾಜಿ ಆಯಿತು. ನೆಲದ ಮೇಲಿನ ಕೆಲಸಕ್ಕೂ ಹಣ ಅನ್ನುವ ಮಾತು ಒಪ್ಪಂದದೊಳಗೆ ಬಂತು. ಆದರೆ ಸಂಬಳದ ಭಾಗವನ್ನು ಸಿಬ್ಬಂದಿ ಮತ ಹಾಕಿ ತಿರಸ್ಕರಿಸಿದರು. ನೂರಕ್ಕೆ ತೊಂಬತ್ತೊಂಬತ್ತು ಜನ!

ಆ ವಾರ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಊರಿಂದ ಬರಬೇಕಾದ ಅಪ್ಪ-ಅಮ್ಮಂದಿರ ಚಿಂತೆಯೇ ಚಿಂತೆ. ಮೊದಲ ದಿನ ಎಲ್ಲರೂ ಮುಷ್ಕರ ಮಾಡುವವರನ್ನು ಬೈಯುತ್ತಿದ್ದರು. ಮೂರನೇ ದಿನದ ಹೊತ್ತಿಗೆ ಅರ್ಧ ಜನ "ಬೋರ್ಡಿಂಗ್ ಹೊತ್ತಿಗೆ ಸಂಬಳ ಇಲ್ಲ ಅಂತ ಗೊತ್ತೇ ಇರಲಿಲ್ಲ" ಅನ್ನತೊಡಗಿದರು. ಪಕ್ಕದ ಅಮೆರಿಕದಲ್ಲಿ ಡೆಲ್ಟಾ 2022ರಲ್ಲೇ ಬೋರ್ಡಿಂಗ್ ಹೊತ್ತಿಗೆ ಅರ್ಧ ದರ ಕೊಡಲು ಶುರು ಮಾಡಿತ್ತು. ಅಲ್ಲಿನ ಕ್ಯಾಬಿನ್ ಸಿಬ್ಬಂದಿಗೆ ಯೂನಿಯನ್ನೇ ಇಲ್ಲ. ಯೂನಿಯನ್ ಕಟ್ಟುವ ಪ್ರಯತ್ನ ನಡೆದಿತ್ತು, ಕಂಪನಿ ಮೊದಲೇ ಕೊಟ್ಟು ಕೈ ತೊಳೆದುಕೊಂಡಿತು ಅಂತ ಇಲ್ಲಿ ಮಾತಾಡುತ್ತಾರೆ.

ಮಾರ್ಕೆಟ್ ಮಂಜ ಬರೆದರು:

ಕೆನಡಾದ ಟಿಕೆಟ್ ದರವನ್ನೂ ಹೇಳಿ ಸ್ವಾಮಿ. ಒಂದೇ ಗಂಟೆ ಹಾರಾಟಕ್ಕೆ ಎಷ್ಟು ಡಾಲರ್? ನಮ್ಮಲ್ಲಿ ಏರ್ ಡೆಕ್ಕನ್‌ನ ಕ್ಯಾಪ್ಟನ್ ಗೋಪಿನಾಥ್ ಒಂದು ರೂಪಾಯಿ ಟಿಕೆಟ್ ಕೊಟ್ಟ ಮೇಲೆ ಜನಕ್ಕೆ ಅದೇ ರೂಢಿ ಆಗಿದೆ. ದರವೂ ಬಸ್ಸಿನದಾಗಬೇಕು, ಸಂಬಳವೂ ಕೆನಡಾದ್ದಾಗಬೇಕು ಅಂದರೆ ಹೇಗೆ?

ಟೊರೊಂಟೊ ಟಪಾಲು ಬರೆದರು:

ದರ ಜಾಸ್ತಿಯೇ, ಒಪ್ಪಿದೆ.

ಕರಿಕೋಟು ಬರೆದರು:

ಸಾದಹಳ್ಳಿಯವರ ಎರಡನೇ ಪ್ರಶ್ನೆಗೆ ಬರುತ್ತೇನೆ. ಎಲ್ಲರಿಗೂ ಒಂದೇ ದಿನ ಜ್ವರ ಯಾಕೆ?

ಹಳೇ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ವಿಮಾನ ಸಾರಿಗೆ ಸಾರ್ವಜನಿಕ ಉಪಯುಕ್ತ ಸೇವೆ. ಮುಷ್ಕರ ಮಾಡಬೇಕಾದರೆ ಕನಿಷ್ಠ 14 ದಿನ ಮೊದಲೇ ನೋಟಿಸ್ ಕೊಡಬೇಕು. ನೋಟಿಸ್ ಕೊಟ್ಟ ಕೂಡಲೇ ಸಂಧಾನದ ಪ್ರಕ್ರಿಯೆ ಶುರು. ಅದು ನಡೆಯುವಾಗ ಮುಷ್ಕರ ಮಾಡಿದರೆ ಕಾನೂನುಬಾಹಿರ. ಅಂದರೆ ಬಾಗಿಲು ಇದೆ, ಬೀಗವೂ ಇದೆ. ಖಾಸಗಿ ಕಂಪನಿಗಳಲ್ಲಿ ಯೂನಿಯನ್ ಕಟ್ಟಿದವರ ಮೇಲೇ ಮೊದಲ ಕಣ್ಣು. 2009ರಲ್ಲಿ ಜೆಟ್ ಪೈಲಟ್‌ಗಳು ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ಮುಂಚೂಣಿಯಲ್ಲಿದ್ದ ಇಬ್ಬರನ್ನು ಕಂಪನಿ ತೆಗೆದುಹಾಕಿತು. ಸೆಪ್ಟೆಂಬರ್‌ನಲ್ಲಿ ನೂರಾರು ಪೈಲಟ್‌ಗಳಿಗೆ ಒಟ್ಟಿಗೆ ಹುಷಾರು ತಪ್ಪಿತು. ಐದು ದಿನ ಕಂಪನಿ ತತ್ತರಿಸಿತು. ಕೊನೆಗೆ ಇಬ್ಬರನ್ನೂ ವಾಪಸ್ ತೆಗೆದುಕೊಂಡರು.

2022ರ ಜುಲೈ 2ರಂದು ಇಂಡಿಗೋದ ಅರ್ಧಕ್ಕಿಂತ ಹೆಚ್ಚು ವಿಮಾನಗಳು ತಡ. ಸಿಬ್ಬಂದಿ ಸಿಕ್ ಲೀವ್ ಹಾಕಿದ್ದರು, ಅದೇ ದಿನ ಏರ್ ಇಂಡಿಯಾದ ಸಂದರ್ಶನ ಇತ್ತು. ಕೋವಿಡ್ ಹೊತ್ತಿನಲ್ಲಿ ಕತ್ತರಿಸಿದ ಸಂಬಳ ಪೂರ್ತಿ ಮರಳಿರಲಿಲ್ಲ ಅನ್ನುವುದೂ ನೆನಪಿರಲಿ. 2024ರ ಮೇನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್.

ಈಗ ಹೊಸ ಕಾನೂನು. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ, ನೂರಕ್ಕೆ ಐವತ್ತು ಅಥವಾ ಹೆಚ್ಚು ಜನ ಒಂದೇ ದಿನ ಒಟ್ಟಾಗಿ ಕ್ಯಾಶುಯಲ್ ಲೀವ್ ಹಾಕಿದರೆ ಅದನ್ನೂ ಮುಷ್ಕರ ಅಂತಲೇ ನೋಡುತ್ತಾರೆ. ಜ್ವರದ ರಜೆಯೂ ಇದರೊಳಗೆ ಬರುತ್ತದಾ ಅನ್ನುವ ವಾದಕ್ಕೆ ನಮ್ಮಂಥವರು ಫೀಸು ತೆಗೆದುಕೊಳ್ಳುತ್ತೇವೆ, ಬಿಡಿ.

ಬಜ್ಪೆಯವ ಬರೆದರು:

ವಕೀಲರೇ, 2024ರ ಮೇ ಅಂದಿರಿ. ಅದರ ಬಿಸಿ ತಟ್ಟಿದ್ದು ಯಾರಿಗೆ ಗೊತ್ತುಂಟಾ? ಮಂಗಳೂರು, ಕಣ್ಣೂರು, ಕಲ್ಲಿಕೋಟೆ. ನಮ್ಮ ಕಡೆ ವಿಮಾನ ಅಂದರೆ ಗಲ್ಫ್. ರಜೆ ಮುಗಿಸಿ ಹೊರಟವನಿಗೆ ವೀಸಾದ ಕಡೆಯ ದಿನ, ಅಲ್ಲಿ ಡ್ಯೂಟಿಗೆ ಹಾಜರಾಗುವ ದಿನ, ಎಲ್ಲ ಎಣಿಸಿಟ್ಟದ್ದು. ಏಳನೇ ತಾರೀಕಿನ ರಾತ್ರಿಯಿಂದ ಕ್ಯಾಬಿನ್ ಸಿಬ್ಬಂದಿ ಸಿಕ್ ಲೀವ್ ಹಾಕಿದರು. ನೂರಕ್ಕೂ ಹೆಚ್ಚು ವಿಮಾನ ರದ್ದು. ಕಂಪನಿ 25 ಜನರನ್ನು ವಜಾ ಮಾಡಿತು. ಒಂಬತ್ತಕ್ಕೆ ದೆಹಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಎದುರು ಕೂತು ಮಾತಾಡಿ, ಅವರನ್ನು ಮತ್ತೆ ತೆಗೆದುಕೊಂಡರು. ನಿಮ್ಮ ಬೆಂಗಳೂರಿನ ಏರ್ ಏಷ್ಯಾ ಇಂಡಿಯಾವನ್ನು ಇದರೊಳಗೆ ವಿಲೀನ ಮಾಡುವ ಕೆಲಸ ಆಗ ನಡೆಯುತ್ತಾ ಇತ್ತು. ಎರಡು ಮನೆ ಒಂದಾಗುವಾಗ ಯಾರ ಪಾತ್ರೆ ಅಟ್ಟಕ್ಕೆ ಅನ್ನುವ ಜಗಳ ಇದ್ದದ್ದೇ.

ಆವಾಗ ನಾನೂ ಸಿಬ್ಬಂದಿಯನ್ನು ಬೈದವನೇ ಮಾರಾಯ್ರೆ. ಆದರೆ ನಿದ್ದೆಯ ಮಾತು ಬಂದಾಗ ನಾನು ಬೈಯುವುದಿಲ್ಲ. ಡ್ರೈವರಣ್ಣ ನಿದ್ದೆ ಸಾಲಲ್ಲ ಅಂತಾರೆ ಅಂದರಲ್ಲ, ಅವರನ್ನು ಒಂದು ಸಲ ನಮ್ಮ ಮಂಗಳೂರು ಏರ್‌ಪೋರ್ಟ್ ಪಕ್ಕದ ಕೆಂಜಾರಿಗೆ ಕರೆದುಕೊಂಡು ಬನ್ನಿ.

2010ರ ಮೇ 22, ಬೆಳಗ್ಗೆ ಆರು ಗಂಟೆ ಕಳೆದಿತ್ತಷ್ಟೇ. ದುಬೈಯಿಂದ ರಾತ್ರಿ ಹೊರಟು ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದದ್ದು 8. ನಮ್ಮ ಊರಿನಲ್ಲಿ ಆ ದಿನ ಯಾರ ಮನೆಯಲ್ಲೂ ಒಲೆ ಹೊತ್ತಲಿಲ್ಲ. ತನಿಖೆಯ ವರದಿಯಲ್ಲಿ ಏನಿತ್ತು? ಕ್ಯಾಪ್ಟನ್ ದಾರಿಯುದ್ದಕ್ಕೂ ಬಹಳ ಹೊತ್ತು ನಿದ್ದೆ ಮಾಡಿದ್ದರು, ಕಾಕ್‌ಪಿಟ್ ರೆಕಾರ್ಡರ್‌ನಲ್ಲಿ ಗೊರಕೆಯ ಸದ್ದು ಇತ್ತು. ಎದ್ದ ಮೇಲೆ ನಿದ್ದೆಯ ಮಂಪರು ಬಿಟ್ಟಿರಲಿಲ್ಲ ಅಂತ ಅನುಮಾನ. ತುಂಬಾ ಎತ್ತರದಲ್ಲಿ, ತುಂಬಾ ವೇಗದಲ್ಲಿ ಬಂದರು. ಪಕ್ಕದ ಪೈಲಟ್ ಇಳಿಸಬೇಡಿ, ಮತ್ತೊಂದು ಸುತ್ತು ಹೋಗೋಣ ಅಂತ ಮತ್ತೆ ಮತ್ತೆ ಹೇಳಿದ್ದರು. ತಪ್ಪು ಕ್ಯಾಪ್ಟನ್‌ದೇ ಅಂತ ವರದಿ ಬರೆಯಿತು. ಇರಬಹುದು. ಆದರೆ ನಡುರಾತ್ರಿಯಿಂದ ಬೆಳಗಿನ ತನಕ ಮನುಷ್ಯನ ಮೈ ಹೇಗಿರುತ್ತದೆ ಅಂತ ನಮಗೆಲ್ಲ ಗೊತ್ತಿಲ್ವಾ?

ಸಾದಹಳ್ಳಿ ಗೇಟ್ ಬರೆದರು:

ಇದನ್ನು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಹಾಗಾದರೆ ಡಿಸೆಂಬರ್‌ನಲ್ಲಿ ಆದದ್ದು ಈ ನಿದ್ದೆಯ ನಿಯಮದಿಂದಲೇ ಅಲ್ವಾ? ಅದನ್ನು ಯಾರಾದರೂ ಬಿಡಿಸಿ ಹೇಳಿ.

ಜಕ್ಕೂರು ಹುಡುಗ ಬರೆದರು:

ನಾನು ಹೇಳಲಾ? ಇನ್ನೂ ಕಲಿಯುತ್ತಿರುವವನು, ತಪ್ಪಿದ್ದರೆ ಹಿರಿಯರು ತಿದ್ದಿ.

ಎಫ್‌ಡಿಟಿಎಲ್ ಅಂತ ಒಂದು ನಿಯಮ. ಪೈಲಟ್ ಎಷ್ಟು ಹೊತ್ತು ಹಾರಬಹುದು, ಎಷ್ಟು ಹೊತ್ತು ಮಲಗಬೇಕು ಅನ್ನುವ ಲೆಕ್ಕ. ವಿಮಾನಯಾನಕ್ಕೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಡಿಜಿಸಿಎ 2024ರ ಜನವರಿಯಲ್ಲಿ ಹೊಸ ನಿಯಮ ತಂದಿತು. ವಾರಕ್ಕೊಮ್ಮೆ ಸಿಗುವ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿ ಅಂದರೆ ಹನ್ನೆರಡರಿಂದ ಬೆಳಗ್ಗೆ ಆರರ ತನಕ, ಮೊದಲು ಐದರ ತನಕ ಇತ್ತು. ರಾತ್ರಿ ಹೊತ್ತಿನ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿಯಿತು. ಕಂಪನಿಗಳು ಈಗಲೇ ಆಗಲ್ಲ ಅಂದವು, ಮುಂದೂಡಿದರು. ವಿಷಯ ದೆಹಲಿ ಹೈಕೋರ್ಟಿನಲ್ಲಿತ್ತು. ಕೊನೆಗೆ ಮೊದಲ ಕಂತು 2025ರ ಜುಲೈ 1ಕ್ಕೆ, ಎರಡನೆಯದು ನವೆಂಬರ್ 1ಕ್ಕೆ ಬಂತು. ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋ ರೋಸ್ಟರ್, ಅಂದರೆ ಯಾರು ಯಾವಾಗ ಹಾರಬೇಕು ಅನ್ನುವ ಡ್ಯೂಟಿ ಪಟ್ಟಿ, ಕುಸಿಯಿತು. 5ನೇ ತಾರೀಕು ಒಂದೇ ದಿನ ಸಾವಿರಕ್ಕಿಂತ ಜಾಸ್ತಿ ವಿಮಾನ ರದ್ದು. ಆಗ ಡಿಜಿಸಿಎ ಇಂಡಿಗೋಗೆ 2026ರ ಫೆಬ್ರವರಿ 10ರ ತನಕ ರಾತ್ರಿ ನಿಯಮಗಳಲ್ಲಿ ಸಡಿಲ ಕೊಟ್ಟಿತು, ಜೊತೆಗೆ ನೂರಕ್ಕೆ ಹತ್ತು ವಿಮಾನ ಕಡಿಮೆ ಮಾಡಿ ಅಂದಿತು.

ನಮ್ಮ ಹಾಸ್ಟೆಲ್‌ನಲ್ಲಿ ಕೇಳಿದ ಪ್ರಶ್ನೆ ಒಂದೇ. ನಿಯಮ ಬರುತ್ತದೆ ಅಂತ ಎರಡು ವರ್ಷ ಮೊದಲೇ ಗೊತ್ತಿತ್ತು. ಪೈಲಟ್‌ಗಳನ್ನು ಮೊದಲೇ ಯಾಕೆ ತೆಗೆದುಕೊಳ್ಳಲಿಲ್ಲ?

ಮಾರ್ಕೆಟ್ ಮಂಜ ಬರೆದರು:

ತೆಗೆದುಕೊಳ್ಳಲು ಪೈಲಟ್‌ಗಳು ಮರದಲ್ಲಿ ಬೆಳೆಯುತ್ತಾರಾ? ಇವತ್ತು ತೆಗೆದುಕೊಂಡರೆ ತರಬೇತಿ, ಸಿಮ್ಯುಲೇಟರ್, ಪರೀಕ್ಷೆ ಅಂತ ತಿಂಗಳುಗಳು ಹೋಗುತ್ತವೆ. ಕಷ್ಟಪಟ್ಟು ತಯಾರು ಮಾಡಿದ ಕ್ಯಾಪ್ಟನ್ನನ್ನು ಗಲ್ಫ್ ಕಂಪನಿ ಎಗರಿಸಿಕೊಂಡು ಹೋಗುತ್ತದೆ.

ಜಕ್ಕೂರು ಹುಡುಗ ಬರೆದರು:

ಸರ್, ಕ್ಯಾಪ್ಟನ್ ಅಷ್ಟು ಸುಲಭಕ್ಕೆ ಹೋಗಲು ಆಗುವುದಿಲ್ಲ. 2017ರಿಂದ ನೋಟಿಸ್ ಅವಧಿ ಕ್ಯಾಪ್ಟನ್‌ಗೆ ಒಂದು ವರ್ಷ, ಸಹ ಪೈಲಟ್‌ಗೆ ಆರು ತಿಂಗಳು. ನಮ್ಮ ಅಣ್ಣ ಐಟಿಯಲ್ಲಿದ್ದಾನೆ, ಮೂರು ತಿಂಗಳ ನೋಟಿಸ್‌ಗೇ ಗೋಳಾಡುತ್ತಾನೆ. ತಯಾರು ಮಾಡುವ ಖರ್ಚೂ ಪೂರ್ತಿ ಕಂಪನಿಯದಲ್ಲ. ಕೆಡೆಟ್ ಕೋರ್ಸ್ ಅಂದರೆ ಒಂದು ಕೋಟಿ ರೂಪಾಯಿಯ ಆಸುಪಾಸು, ಕೊಡುವುದು ಅಪ್ಪ. ನಮ್ಮಪ್ಪ ತಿಪಟೂರಿನ ಹತ್ತಿರದ ತೋಟ ಅಡ ಇಟ್ಟಿದ್ದಾರೆ. ಲೈಸೆನ್ಸ್ ಸಿಕ್ಕ ಮೇಲೂ ಒಂದು ಜಾತಿಯ ವಿಮಾನಕ್ಕೆ ಬೇರೆ ರೇಟಿಂಗ್ ಬೇಕು. ಏರ್‌ಬಸ್ ಎ320 ಹಾರಿಸುವವನು ನಾಳೆಯೇ ಬೋಯಿಂಗ್ ಹಾರಿಸುವ ಹಾಗಿಲ್ಲ.

ಟೂಲ್‌ಬಾಕ್ಸ್ ತಾತ ಬರೆದರು:

ಮಗಾ, ಚೆನ್ನಾಗಿ ಹೇಳಿದೆ. ನಾನು ರೆಕ್ಕೆ ಕೆಳಗೆ ಟಾರ್ಚ್ ಹಿಡಿದು ಮೂವತ್ತು ವರ್ಷ ಕಳೆದವನು. ಎಲ್ಲರೂ ಪೈಲಟ್, ಗಗನಸಖಿ ಅಂತೀರಿ, ವಿಮಾನ ಹಾರಲು ಯೋಗ್ಯ ಅಂತ ಸಹಿ ಹಾಕುವ ಇಂಜಿನಿಯರ್ ಯಾರಿಗೂ ನೆನಪಾಗುವುದಿಲ್ಲ. ಇರಲಿ.

ಬಜ್ಪೆಯವರು ಎರಡು ಮನೆ ಒಂದಾಗುವ ಮಾತು ಹೇಳಿದರು. ಅದರ ದೊಡ್ಡಣ್ಣನ ಕಥೆ ಕೇಳಿ. 2007ರಲ್ಲಿ ಇಂಡಿಯನ್ ಏರ್‌ಲೈನ್ಸನ್ನು ಏರ್ ಇಂಡಿಯಾಕ್ಕೆ ಸೇರಿಸಿದರು. ಬಣ್ಣ ಬಳಿದು ಒಂದು ಮಾಡಿದರು, ಸಂಬಳ ಮತ್ತು ಸೀನಿಯಾರಿಟಿ ಪಟ್ಟಿಯನ್ನು ಒಂದು ಮಾಡಲಿಲ್ಲ. 2011ರಲ್ಲಿ ಹಳೇ ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳು ಸಮಾನ ವೇತನ ಕೊಡಿ ಅಂತ ಹತ್ತು ದಿನ ನಿಂತರು. 2012ರಲ್ಲಿ ಹಳೇ ಏರ್ ಇಂಡಿಯಾ ಪೈಲಟ್‌ಗಳ ಸರದಿ. ಡ್ರೀಮ್‌ಲೈನರ್ ವಿಮಾನ ಬರುವುದಿತ್ತು. ಅದರ ತರಬೇತಿಗೆ ಆ ಕಡೆಯವರನ್ನೂ ಕಳಿಸುತ್ತೀರಾ ಅಂತ ಸಿಟ್ಟು. ಮೇ 8ರಿಂದ ಜುಲೈ 3ರ ತನಕ, ಹತ್ತಿರ ಹತ್ತಿರ ಎರಡು ತಿಂಗಳು! ದೊಡ್ಡ ವಿಮಾನ ಹಾರಿಸಿದವನು ಮೊದಲು ಕಮಾಂಡರ್ ಆಗುತ್ತಾನೆ, ಕಮಾಂಡರ್ ಆದವನ ಸಂಬಳ, ಪೆನ್ಷನ್, ರೂಟು ಎಲ್ಲ ಬೇರೆ. ಹೊರಗಿನವರಿಗೆ ಅದು ಮಕ್ಕಳ ಜಗಳದ ಹಾಗೆ ಕಂಡಿತು. ಒಳಗಿದ್ದವರಿಗೆ ಅದು ಜೀವಮಾನದ ಲೆಕ್ಕ. ಸೀನಿಯಾರಿಟಿ ಅನ್ನುವುದು ಈ ಧಂಧೆಯಲ್ಲಿ ಜಮೀನಿನ ಪಹಣಿ ಇದ್ದ ಹಾಗೆ. ಬೇರೆ ಕಂಪನಿಗೆ ಹೋದರೆ ಪಹಣಿ ಜೊತೆಗೆ ಬರುವುದಿಲ್ಲ, ಪಟ್ಟಿಯ ಕೆಳಗಿನಿಂದ ಶುರು.

ಮಂಜಪ್ಪ, ಕಿಂಗ್‌ಫಿಶರ್ ಕೆಲಸದವರು ಸಂಬಳ ಪಡೆದು ಏನು ಉಳಿಸಿಕೊಂಡರು ಅಂದೆಯಲ್ಲ. ಪಡೆದಿದ್ದರೆ ತಾನೇ? 2012ರ ಅಕ್ಟೋಬರ್‌ನಲ್ಲಿ ಅದು ನಿಲ್ಲುವ ಹೊತ್ತಿಗೆ ಏಳು ತಿಂಗಳ ಸಂಬಳ ಬಾಕಿ. ಅಂಥ ಹೊತ್ತಿನಲ್ಲೂ ಇಂಜಿನಿಯರ್‌ಗಳು ತಿಂಗಳುಗಟ್ಟಲೆ ಬಂದು ಸಹಿ ಹಾಕುತ್ತಿದ್ದರು. ಮನೆಯಲ್ಲಿ ಮಗುವಿನ ಸ್ಕೂಲ್ ಫೀಸ್ ಕಟ್ಟಿಲ್ಲ ಅನ್ನುವ ಯೋಚನೆಯಲ್ಲಿರುವವನು ಬ್ರೇಕ್ ಸವೆದಿದೆಯಾ ಅಂತ ನೋಡುತ್ತಿದ್ದಾನೆ. ನೀನು ಆ ವಿಮಾನ ಹತ್ತುತ್ತೀಯಾ?

ಮಾರ್ಕೆಟ್ ಮಂಜ ಬರೆದರು:

ತಾತ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಲೆಕ್ಕದ ಪುಸ್ತಕ ಬರೆದರು:

ಮಂಜ ಅವರು ಇಷ್ಟು ಬೇಗ ಶರಣಾಗಿದ್ದು ಈ ವೇದಿಕೆಯಲ್ಲಿ ಇದೇ ಮೊದಲು, ಯಾರಾದರೂ ಬರೆದಿಟ್ಟುಕೊಳ್ಳಿ.

ಸಂಬಳ ಕಡಿತಕ್ಕಿಂತ ಕೋಪ ಬರಿಸುವುದು ಇನ್ನೊಂದಿದೆ. 2003ರಲ್ಲಿ ಅಮೆರಿಕನ್ ಏರ್‌ಲೈನ್ಸ್ ದಿವಾಳಿ ಅಂಚಿನಲ್ಲಿತ್ತು. ಮೂರು ಯೂನಿಯನ್‌ಗಳು ಕೂತು, ವರ್ಷಕ್ಕೆ 160 ಕೋಟಿ ಡಾಲರ್‌ಗೂ ಹೆಚ್ಚು ಉಳಿಯುವಷ್ಟು ಸಂಬಳ, ಸೌಲಭ್ಯ ಬಿಟ್ಟುಕೊಡಲು ಮತ ಹಾಕಿದವು. ಮತ ಎಣಿಸಿದ ಬೆನ್ನಿಗೇ ಗೊತ್ತಾಯಿತು, ಮೇಲಿನ ಅಧಿಕಾರಿಗಳಿಗೆ ಕಂಪನಿ ಬಿಡದೆ ಇರಲು ಬೋನಸ್, ದಿವಾಳಿ ಆದರೂ ಮುಟ್ಟಲಾಗದ ಪೆನ್ಷನ್ ನಿಧಿ ಮೊದಲೇ ಮಾಡಿಟ್ಟಿದ್ದರು ಅಂತ. ಹೇಳದೆ ಮತ ಹಾಕಿಸಿದ್ದರು. ಸಿಇಒ ಡಾನ್ ಕಾರ್ಟಿ ಅದೇ ತಿಂಗಳು ರಾಜೀನಾಮೆ ಕೊಟ್ಟರು. ಕಂಪನಿ ಆಗ ದಿವಾಳಿಯಿಂದ ತಪ್ಪಿಸಿಕೊಂಡಿತು, ನಂಬಿಕೆ ಮಾತ್ರ ಹೋಯಿತು. 2011ರ ನವೆಂಬರ್‌ನಲ್ಲಿ ಹೇಗೂ ದಿವಾಳಿ ಅರ್ಜಿ ಹಾಕಿದರು.

ಡೆಲ್ಟಾದಲ್ಲಿ ಲಾಭದಲ್ಲಿ ಪಾಲು ಕೊಡುತ್ತಾರೆ. 2024ರ ಲಾಭದಿಂದ 140 ಕೋಟಿ ಡಾಲರ್ ಕೆಲಸದವರಿಗೆ ಹಂಚಿದರು, ಪ್ರೇಮಿಗಳ ದಿನದಂದು! ಪೈಲಟ್‌ಗಳಿಗೆ 2023ರ ಒಪ್ಪಂದದಲ್ಲಿ ನಾಲ್ಕು ವರ್ಷಕ್ಕೆ ನೂರಕ್ಕೆ 34ರಷ್ಟು ಏರಿಕೆ. ಅಷ್ಟು ಕೊಟ್ಟೂ ಲಾಭದಲ್ಲಿದೆ. ಅಲ್ಲಿನ ದುಡ್ಡು ಬಹಳಷ್ಟು ಕ್ರೆಡಿಟ್ ಕಾರ್ಡ್ ಒಪ್ಪಂದದಿಂದ, ದುಬಾರಿ ಸೀಟುಗಳಿಂದ ಬರುತ್ತದೆ. ಅದು ನಮ್ಮಲ್ಲಿ ಇನ್ನೂ ಅಷ್ಟಿಲ್ಲ. ಹಾಗಾಗಿ ಅದನ್ನೇ ಇಲ್ಲಿ ಮಾಡಿ ಅನ್ನಲಾರೆ.

ಈಗ ಟೀ ಅಂಗಡಿಗೆ ಬೇಕಾದ ಲೆಕ್ಕ. 2024-25ರಲ್ಲಿ ಇಂಡಿಗೋ ಸಂಬಳಕ್ಕೆ ಕೊಟ್ಟದ್ದು ಸುಮಾರು 7,500 ಕೋಟಿ. ಹೊತ್ತೊಯ್ದ ಪ್ರಯಾಣಿಕರು ಹನ್ನೊಂದು ಕೋಟಿ ಎಂಬತ್ತು ಲಕ್ಷದ ಹತ್ತಿರ. ಭಾಗಿಸಿ. ಒಬ್ಬರ ಟಿಕೆಟ್‌ನಲ್ಲಿ ಸಂಬಳದ ಪಾಲು 630 ರೂಪಾಯಿ ಚಿಲ್ಲರೆ. ಎಲ್ಲ ವಿಭಾಗದಲ್ಲೂ ನೂರಕ್ಕೆ ಹತ್ತು ಜನ ಜಾಸ್ತಿ ಇಟ್ಟುಕೊಂಡರೂ ಟಿಕೆಟ್‌ಗೆ ಅರವತ್ಮೂರು ರೂಪಾಯಿ. ಏರ್‌ಪೋರ್ಟ್ ಒಳಗೆ ಆ ದುಡ್ಡಿಗೆ ಅರ್ಧ ಇಡ್ಲಿ ಬಂದರೆ ಪುಣ್ಯ.

ಮಾರ್ಕೆಟ್ ಮಂಜ ಬರೆದರು:

ಅರವತ್ಮೂರು ಗುಣಿಸು ಹನ್ನೊಂದು ಕೋಟಿ ಎಂಬತ್ತು ಲಕ್ಷ ಮಾಡಿ ನೋಡಿ. ಮ್ಯಾನೇಜ್‌ಮೆಂಟ್ ನೋಡುವುದು ಆ ಕಡೆಯಿಂದ. 750 ಕೋಟಿ. ಎಂದೋ ಒಂದು ದಿನ ಬೇಕಾಗಬಹುದು ಅಂತ ಪ್ರತಿ ವರ್ಷ 750 ಕೋಟಿ ತೆಗೆದಿಡಿ ಅಂದರೆ ಯಾವ ಬೋರ್ಡೂ ಹೂಂ ಅನ್ನುವುದಿಲ್ಲ. ಪಕ್ಕದ ಕಂಪನಿ ತೆಗೆದಿಡದೆ ಟಿಕೆಟ್ ಅರವತ್ತು ರೂಪಾಯಿ ಕಡಿಮೆ ಮಾಡುತ್ತದೆ, ಆ್ಯಪ್‌ನಲ್ಲಿ ಜನ ಅದನ್ನೇ ಒತ್ತುತ್ತಾರೆ. ನಾನೂ ಅದನ್ನೇ ಒತ್ತುತ್ತೇನೆ, ಸುಳ್ಳು ಯಾಕೆ.

ಹಳೇ ಗಗನಸಖಿ ಬರೆದರು:

ಇದು ನಿಜ. ನಾನೂ ಈಗ ಟಿಕೆಟ್ ಕೊಳ್ಳುವಾಗ ಅಗ್ಗದ್ದನ್ನೇ ನೋಡುತ್ತೇನೆ.

ಸಾದಹಳ್ಳಿ ಗೇಟ್ ಬರೆದರು:

ಇವತ್ತು ಮತ್ತೆ ಟೀ ಅಂಗಡಿಗೆ ಹೋಗಿದ್ದೆ. ಲೋಡಿಂಗ್ ಹುಡುಗನಿಗೆ ನಿಮ್ಮ ಲೆಕ್ಕ ಹೇಳಿದೆ. ಅವನು ಕೇಳಿದ: "ಆ 630ರಲ್ಲಿ ನಾನು ಇದ್ದೀನಾ?" ನನಗೆ ಗೊತ್ತಾಗಲಿಲ್ಲ. ಅವನು ವಿಮಾನ ಕಂಪನಿಯ ಕೆಲಸದವನೇ ಅಲ್ಲವಂತೆ. ಗ್ರೌಂಡ್ ಹ್ಯಾಂಡ್ಲಿಂಗ್ ಗುತ್ತಿಗೆಯವನು. 2025ರ ಮೇನಲ್ಲಿ ಟರ್ಕಿಯ ಚೆಲೆಬಿ ಕಂಪನಿಯ ಭದ್ರತಾ ಅನುಮತಿಯನ್ನು ಸರ್ಕಾರ ರದ್ದು ಮಾಡಿತಲ್ಲ, ಬೆಂಗಳೂರು ಸೇರಿ ಒಂಬತ್ತು ಏರ್‌ಪೋರ್ಟ್‌ಗಳಲ್ಲಿ ಅದರ ಕೆಲಸ ಇತ್ತು. ಆಗ ಹಲವರು ರಾತ್ರೋರಾತ್ರಿ ಬೇರೆ ಕಂಪನಿಯ ಪಟ್ಟಿಗೆ ಹೋದರಂತೆ. ಅದೇ ಬ್ಯಾಗು, ಅದೇ ಟ್ರಾಲಿ, ಬದಲಾದದ್ದು ಬೆನ್ನ ಮೇಲಿನ ಹೆಸರು.

ಡ್ರೈವರಣ್ಣನಿಗೂ ಹೇಳಿದೆ, ಕೆಂಜಾರಿನ ಕಥೆಯನ್ನೂ ಹೇಳಿದೆ. ಸುಮ್ಮನೆ ಕೇಳಿದರು. "ನೀವು ಬೆಳಗ್ಗೆ ಎಷ್ಟು ಗಂಟೆಯಿಂದ ಗಾಡಿ ಓಡಿಸ್ತಾ ಇದ್ದೀರಿ ಅಣ್ಣ?" ಅಂದೆ. ನಾಲ್ಕರಿಂದ ಅಂದರು. ಆಗ ಸಂಜೆ ಏಳೂವರೆ. ಉಳಿದ ಟೀ ಒಂದೇ ಗುಟುಕಿಗೆ ಕುಡಿದು, ಫೋನ್ ಬಡಿದುಕೊಂಡಿತು ಅಂತ ಎದ್ದು ಹೋದರು.

ಲೆಕ್ಕದ ಪುಸ್ತಕ ಬರೆದರು:

ಹುಡುಗನ ಪ್ರಶ್ನೆಗೆ ಉತ್ತರ: ಇಲ್ಲ. ಗುತ್ತಿಗೆಗೆ ಕೊಡುವ ದುಡ್ಡು ಬೇರೆ ತಲೆಬರಹದ ಕೆಳಗೆ ಹೋಗುತ್ತದೆ. ಸಂಬಳದ ಸಾಲಿನಲ್ಲಿ ಅವನು ಇಲ್ಲ. ನನ್ನ ಲೆಕ್ಕದಲ್ಲಿ ಆ ತೂತು ಇತ್ತು, ಒಪ್ಪಿಕೊಂಡೆ.

ಜಕ್ಕೂರು ಹುಡುಗ ಬರೆದರು:

ಗಗನಸಖಿ ಅಕ್ಕ, ತಾತ, ನಿಮ್ಮಿಬ್ಬರನ್ನು ಒಂದು ಕೇಳಬೇಕಿತ್ತು. ನನ್ನ ಸೀನಿಯರ್ ಒಬ್ಬರಿಗೆ ಕೆಲಸದ ಪತ್ರ ಬಂದಿದೆ. ತಿಂಗಳಿಗೆ ಬರುವ ಮೊತ್ತ ದೊಡ್ಡ ಅಕ್ಷರದಲ್ಲಿದೆ, ಜೊತೆಗೆ ಕೆಲವು ವರ್ಷದ ಬಾಂಡ್. ಸಹಿ ಹಾಕಲಾ ಅಂತ ನನ್ನನ್ನು ಕೇಳುತ್ತಾರೆ, ನಾನೇನು ಹೇಳಲಿ? ನಾಳೆ ನನಗೂ ಅದೇ ಪತ್ರ ಬರುವುದು.

ಟೂಲ್‌ಬಾಕ್ಸ್ ತಾತ ಬರೆದರು:

ಕೆಲಸ ಸಿಕ್ಕಿದ್ದಕ್ಕೆ ಮೊದಲು ಅವನ ತಾಯಿಗೆ ಸ್ವೀಟ್ ಕೊಡಿಸಲು ಹೇಳು. ಉಳಿದದ್ದು ಅಕ್ಕ ಹೇಳುತ್ತಾಳೆ.

ಹಳೇ ಗಗನಸಖಿ ಬರೆದರು:

ದೊಡ್ಡ ಅಕ್ಷರದ ಮೊತ್ತ ಬಿಟ್ಟುಬಿಡಲಿ ತಮ್ಮಾ. ಒಳಗಿನ ಪುಟಗಳಲ್ಲಿ ತಿಂಗಳಿಗೆ ಗ್ಯಾರಂಟಿ ಗಂಟೆ ಎಷ್ಟು ಅಂತ ಒಂದು ಸಾಲು ಇರುತ್ತದೆ. ಹಾರಲಿ, ಹಾರದಿರಲಿ, ಅಷ್ಟು ಗಂಟೆಯ ದುಡ್ಡು ಖಚಿತ. 2024ರಲ್ಲಿ ವಿಸ್ತಾರಾ ಏರ್ ಇಂಡಿಯಾದೊಳಗೆ ಸೇರುವ ಮೊದಲು ಪೈಲಟ್‌ಗಳಿಗೆ ಹೊಸ ಒಪ್ಪಂದ ಕೊಟ್ಟರು. ಗ್ಯಾರಂಟಿ 70 ಗಂಟೆಯಿಂದ 40ಕ್ಕೆ ಇಳಿದಿತ್ತು. ಆ ಏಪ್ರಿಲ್‌ನಲ್ಲಿ ವಿಮಾನಗಳು ಒಂದರ ಮೇಲೊಂದು ರದ್ದಾದದ್ದು ಅದರ ಬೆನ್ನಿಗೇ. ಪೆಟ್ಟು ಜಾಸ್ತಿ ಬಿದ್ದದ್ದು ನಿನ್ನ ಸೀನಿಯರ್ ತರಹ ಆಗ ತಾನೇ ಸೇರಿದ್ದ ಸಹ ಪೈಲಟ್‌ಗಳಿಗೆ.

ಆ ಸಾಲು ಹುಡುಕಿ ಫೋಟೋ ತೆಗೆದು ಕಳಿಸಲಿ. ಸ್ಟ್ಯಾಂಡ್‌ಬೈ ದಿನಕ್ಕೆ ಎಷ್ಟು ಗಂಟೆ ಲೆಕ್ಕ ಹಿಡಿಯುತ್ತಾರೆ ಅಂತಲೂ ನೋಡಲಿ. ಬಾಂಡ್ ಇರುವ ಪುಟವನ್ನು ಕರಿಕೋಟಿನವರಿಗೆ ತೋರಿಸಿ, ಅವರು ಇದಕ್ಕೆ ಫೀಸು ಕೇಳುವುದಿಲ್ಲ.

ಕರಿಕೋಟು ಬರೆದರು:

ಕಳಿಸಿ. ಭಾನುವಾರ ನೋಡುತ್ತೇನೆ.